ಹೊಸದು ನಾಲ್ಕನೆಯ ಅಂಕಿಯಲ್ಲ, ಒಂದು ಮೈನಸ್ ಚಿಹ್ನೆ

ಪ್ರಶ್ನೆ: ನಾನು ನಾಪೋಕ್ಲು ಕಡೆಯ ಕಾಫಿ ಬೆಳೆಗಾರ. ಮಗಳು ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ಐನ್‌ಸ್ಟೈನ್ ದೇಶ (ಅಂದರೆ ಜಾಗ) ಮತ್ತು ಕಾಲವನ್ನು ಸೇರಿಸಿ ಒಂದು ಮಾಡಿದರು, ಕಾಲ ನಾಲ್ಕನೆಯ ಆಯಾಮ ಅಂತ ಹೇಳುತ್ತಾಳೆ. ಇದರಲ್ಲಿ ಹೊಸದೇನು ಅಂತ ನನಗೆ ಹೊಳೆಯುತ್ತಿಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವ ಮುಹೂರ್ತ ಹೇಳುವಾಗ ಎಲ್ಲಿ, ಎಷ್ಟು ಗಂಟೆಗೆ ಅಂತ ಎರಡೂ ಹೇಳುತ್ತಾರೆ. ಜಾಗಕ್ಕೆ ಮೂರು ಅಂಕಿ, ಹೊತ್ತಿಗೆ ಒಂದು. ಇದಕ್ಕೆ ಐನ್‌ಸ್ಟೈನ್ ಬೇಕಿತ್ತಾ? ಇನ್ನೊಂದು ಅನುಮಾನ. ಈ ‘ದೇಶಕಾಲ’ ನಿಜವಾಗಿ ಇದೆಯೋ, ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡದ್ದೋ? ರಬ್ಬರ್ ಹಾಳೆಯ ಮೇಲೆ ಭಾರದ ಗುಂಡು ಇಟ್ಟು ತೋರಿಸುವ ವಿಡಿಯೊ ಒಂದನ್ನು ಇಬ್ಬರೂ ನೋಡಿದೆವು. ಅದರಲ್ಲಿ ಕಾಲ ಎಲ್ಲಿದೆ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ನಾಲ್ಕು ಅಂಕಿಯಲ್ಲಿ ಹೊಸದೇನೂ ಇಲ್ಲ. ಎಲ್ಲಿ, ಯಾವಾಗ ಅಂತ ಹೇಳದೆ ನ್ಯೂಟನ್ನರೂ ಒಂದು ಲೆಕ್ಕ ಮಾಡಲಾರರು. ತಲಕಾವೇರಿಯ ತೀರ್ಥೋದ್ಭವಕ್ಕೆ ಗಂಟೆ ನಿಮಿಷ ಗುಣಿಸಿ ಹೇಳುವವರಿಗೂ ಅದು ಗೊತ್ತು. ಕಾಲಕ್ಕೆ ಒಂದು ಗೆರೆ ಎಳೆದುಬಿಟ್ಟರೆ ಐನ್‌ಸ್ಟೈನ್‌ರ ಸಾಪೇಕ್ಷತೆ ಆಗುವುದಾದರೆ ರೈಲ್ವೆ ವೇಳಾಪಟ್ಟಿಯೂ ಸಾಪೇಕ್ಷತೆಯೇ. (ಕೊಡಗಿಗೆ ಇನ್ನೂ ರೈಲು ಬಂದಿಲ್ಲ ಬಿಡಿ.)

‘ಕಾಲ ನಾಲ್ಕನೆಯ ಆಯಾಮ’ ಅನ್ನುವ ಮಾತು ತಪ್ಪಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಮುಖ್ಯ ವಿಷಯ ಕೈತಪ್ಪುತ್ತದೆ. ದೇಶ ಮತ್ತು ಕಾಲವನ್ನು ಒಂದು ಮಾಡುವುದು ಅಂಕಿಗಳ ಸಂಖ್ಯೆ ಅಲ್ಲ, ಅವನ್ನು ಕೂಡಿಸುವ ನಿಯಮ. ಆ ನಿಯಮದಲ್ಲಿ ಒಂದು ಮೈನಸ್ ಚಿಹ್ನೆ ಇದೆ. ಎಲ್ಲ ಕಿತಾಪತಿಯೂ ಅದರದ್ದೇ.

ಮೊದಲು ಸಾಮಾನ್ಯ ಜ್ಯಾಮಿತಿ ನೋಡೋಣ. ಮಗಳಿಗೆ ಒಂದು ಹಾಳೆ ಕೊಡಿ. ಎರಡು ಚುಕ್ಕೆ ಇಡಲಿ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಲಕ್ಕೆ 3 ಸೆಂ.ಮೀ., ಮೇಲಕ್ಕೆ 4 ಸೆಂ.ಮೀ. ನೇರ ದೂರ 5. ಈಗ ಚುಕ್ಕೆಗಳನ್ನು ಮುಟ್ಟದೆ ಅಳೆಯುವ ಗೆರೆಗಳನ್ನು ಮಾತ್ರ ಓರೆ ಮಾಡಿ. ಬಲಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂಬ ಅಂಕಿಗಳು ಬದಲಾಗುತ್ತವೆ. ಬಲಕ್ಕೆ 5, ಮೇಲಕ್ಕೆ 0 ಬರುವಂತೆಯೂ ಓರೆ ಮಾಡಬಹುದು. ಆದರೆ ಎರಡರ ವರ್ಗ ಕೂಡಿಸಿದರೆ ಯಾವಾಗಲೂ 25. ಬಲ ಮತ್ತು ಮೇಲು ಒಂದಕ್ಕೊಂದು ಅಂಕಿ ಬಿಟ್ಟುಕೊಡುತ್ತವೆ, ಒಟ್ಟು ಮಾತ್ರ ಉಳಿಯುತ್ತದೆ. ಹಾಳೆ ಒಂದೇ ವಸ್ತು ಅಂತ ನಾವು ಹೇಳುವುದು ಇದೇ ಕಾರಣಕ್ಕೆ. ಬಲ ಎಂಬ ಒಂದು ವಸ್ತು, ಮೇಲು ಎಂಬ ಇನ್ನೊಂದು ವಸ್ತು ಅಂತ ಯಾರೂ ಹೇಳುವುದಿಲ್ಲ.

ನ್ಯೂಟನ್ನರ ಲೆಕ್ಕದಲ್ಲಿ ಜಾಗದ ಮೂರು ಅಂಕಿಗಳು ಹೀಗೆ ಒಂದಕ್ಕೊಂದು ಕೊಟ್ಟು ತೆಗೆದುಕೊಳ್ಳುತ್ತವೆ. ಕಾಲ ಮಾತ್ರ ದೂರ ನಿಂತಿದೆ. ನೀವು ನಿಂತಿರಿ, ಓಡಿ, ಜೀಪಿನಲ್ಲಿ ಹೋಗಿ, ಎರಡು ಘಟನೆಗಳ ನಡುವೆ ಎಷ್ಟು ಸೆಕೆಂಡು ಅಂದರೆ ಎಲ್ಲರಿಗೂ ಒಂದೇ ಉತ್ತರ. ಹಾಗಾಗಿ ಅಲ್ಲಿ ಅಂಕಿ ನಾಲ್ಕಿದ್ದರೂ ವಸ್ತು ಎರಡೇ: ದೇಶ ಒಂದು, ಕಾಲ ಒಂದು. ಕಾಲವೂ ಈ ಕೊಡುಕೊಳ್ಳುವಿಕೆಗೆ ಇಳಿಯುತ್ತದೆ ಎಂಬುದು 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಸುದ್ದಿ.

ನಿಮ್ಮ ಹುತ್ತರಿಯಲ್ಲೇ ಲೆಕ್ಕ ಮಾಡೋಣ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ಮೊದಲು ಕದಿರು, ಆಮೇಲೆ ನಾಡಿಗೆಲ್ಲ, ಅದು ಕ್ರಮ. ನಾವು ಲೆಕ್ಕಕ್ಕಾಗಿ ಆ ಕ್ರಮ ಸ್ವಲ್ಪ ಮುರಿಯೋಣ. ಕಕ್ಕಬ್ಬೆಯ ಒಂದು ಗದ್ದೆಯಲ್ಲೂ ಮಡಿಕೇರಿಯ ಒಂದು ಗದ್ದೆಯಲ್ಲೂ ಕದಿರು ತೆಗೆಯುವಾಗ ಸರಿಯಾಗಿ ಒಂದೇ ಕ್ಷಣಕ್ಕೆ ಕೋವಿಯಿಂದ ಗುಂಡು ಹಾರಿತು ಅಂದುಕೊಳ್ಳಿ. ಎರಡರ ನಡುವಿನ ನೇರ ದೂರ 21 ಕಿ.ಮೀ. ಅಂತ ಇಟ್ಟುಕೊಳ್ಳೋಣ. ನಿಜವೂ ಹೆಚ್ಚು ಕಡಿಮೆ ಅಷ್ಟೇ.

ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ಮಡಿಕೇರಿಯಲ್ಲಿ ನಿಂತವರಿಗೆ ಕಕ್ಕಬ್ಬೆಯ ಗುಂಡಿನ ಸದ್ದು ಒಂದು ನಿಮಿಷ ತಡವಾಗಿ ಕೇಳಬೇಕು (ಅಷ್ಟು ದೂರಕ್ಕೆ ಕೇಳಿದರೆ). ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೋಗುತ್ತದೆ, ಹಾಗಾಗಿ ಕೋವಿಯ ಮಿಂಚು ಕಾಣಲು 70 ಮೈಕ್ರೊಸೆಕೆಂಡು, ಅಂದರೆ ಸೆಕೆಂಡಿನ 10 ಲಕ್ಷದಲ್ಲಿ 70 ಪಾಲು ಬೇಕು. ಇದು ಸಾಪೇಕ್ಷತೆ ಅಲ್ಲ. ಇದು ಸುದ್ದಿ ತಲುಪುವ ತಡ. ಕೇಳಿಸಿದ್ದು ಬೇರೆ, ಆದದ್ದು ಬೇರೆ. ಸುದ್ದಿ ಬಂದ ಹೊತ್ತಿನಿಂದ ದಾರಿಯ ಹೊತ್ತನ್ನು ಕಳೆದರೆ ಗುಂಡು ಹಾರಿದ ಹೊತ್ತು ಸಿಗುತ್ತದೆ. ಮುಂದೆ ನಾನು ಹೇಳುವುದೆಲ್ಲ ಹಾಗೆ ಕಳೆದ ಮೇಲಿನ ಮಾತು.

ಈಗ ಕಕ್ಕಬ್ಬೆಯಿಂದ ಮಡಿಕೇರಿ ಕಡೆಗೆ ಒಂದು ನೌಕೆ ಹಾರುತ್ತಿದೆ. ವೇಗ ಬೆಳಕಿನ ವೇಗದ ಶೇಕಡಾ 60. ಅಂಥ ನೌಕೆ ಯಾರ ಹತ್ತಿರವೂ ಇಲ್ಲ, ಲೆಕ್ಕ ನೀಟಾಗಿ ಬರುತ್ತದೆ ಅಂತ ತೆಗೆದುಕೊಂಡೆ. ನೌಕೆಯವರು ತಮ್ಮ ಗಡಿಯಾರ, ತಮ್ಮ ಅಳತೆಪಟ್ಟಿ ಹಿಡಿದು, ಬೆಳಕಿನ ತಡವನ್ನೆಲ್ಲ ಕಳೆದು ಲೆಕ್ಕ ಹಾಕುತ್ತಾರೆ. ಅವರಿಗೆ ಎರಡು ಗುಂಡು ಒಟ್ಟಿಗೆ ಹಾರಿಲ್ಲ. ಮಡಿಕೇರಿಯದ್ದು ಮೊದಲು, ಕಕ್ಕಬ್ಬೆಯದ್ದು 52.5 ಮೈಕ್ರೊಸೆಕೆಂಡು ಆಮೇಲೆ. ಎರಡು ಘಟನೆಗಳ ನಡುವಿನ ದೂರವೂ ಅವರಿಗೆ 21 ಕಿ.ಮೀ. ಅಲ್ಲ, 26.25 ಕಿ.ಮೀ. ನೆಲದವರಿಗೆ ಬರೀ ದೂರ ಇದ್ದದ್ದು ನೌಕೆಯವರಿಗೆ ಸ್ವಲ್ಪ ದೂರ, ಸ್ವಲ್ಪ ಕಾಲ ಆಯಿತು.

ಕಾಲವನ್ನು ದೂರದ ಜೊತೆ ಕೂಡಿಸಬೇಕಾದರೆ ಎರಡಕ್ಕೂ ಒಂದೇ ಅಳತೆ ಬೇಕು. ಎಲ್ಲರೂ ಒಪ್ಪುವ ವೇಗ ಒಂದೇ, ಬೆಳಕಿನದ್ದು. ಅದರಿಂದ ಗುಣಿಸಿದರೆ ಕಾಲವೂ ಕಿಲೋಮೀಟರಿಗೆ ಬರುತ್ತದೆ. 1983ರಿಂದ ಮೀಟರನ್ನೇ ಹೀಗೆ ವ್ಯಾಖ್ಯಾನಿಸಿದ್ದಾರೆ: ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಲ್ಲಿ ಹೋಗುವ ದೂರವೇ ಒಂದು ಮೀಟರ್. ಹಾಗೆ ನೋಡಿದರೆ ನಿಮ್ಮ ಮನೆಯ ಟೇಪು ಕೂಡ ಕಾಲವನ್ನೇ ಅಳೆಯುತ್ತದೆ! ನಮ್ಮ 52.5 ಮೈಕ್ರೊಸೆಕೆಂಡು ಅಂದರೆ 15.75 ಕಿ.ಮೀ.

ಮಗಳು ಈಗ ಕ್ಯಾಲ್ಕುಲೇಟರ್ ಹಿಡಿಯಲಿ. ಮೊದಲು ಪೈಥಾಗೊರಸ್ ಪ್ರಕಾರ ಕೂಡಿಸಲಿ. ನೆಲದವರಿಗೆ: 21ರ ವರ್ಗ 441, ಕಾಲ 0, ಒಟ್ಟು 441. ನೌಕೆಯವರಿಗೆ: 26.25ರ ವರ್ಗ 689.06, 15.75ರ ವರ್ಗ 248.06, ಒಟ್ಟು 937 ಚಿಲ್ಲರೆ. ತಾಳೆ ಆಗಲಿಲ್ಲ. ಈಗ ಕೂಡಿಸುವ ಬದಲು ಕಳೆಯಲಿ. 689.06ರಲ್ಲಿ 248.06 ಕಳೆದರೆ 441. ಸರಿಯಾಗಿ 441.

ನಿಮ್ಮ ಪ್ರಶ್ನೆಗೆ ಉತ್ತರ ಇದೇ. ದೂರದ ವರ್ಗದಲ್ಲಿ ಕಾಲದ ವರ್ಗ ಕಳೆದರೆ ಬರುವ ಅಂಕಿ ಎಲ್ಲರಿಗೂ ಒಂದೇ. ದೂರ ಎಷ್ಟು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾಲ ಎಷ್ಟು ಅಂದರೂ ಹಾಗೆಯೇ. ಆದರೆ ಈ 441 ಯಾರು ಅಳೆದರೂ ಬದಲಾಗದು. ಹಾಳೆಯ ಮೇಲಿನ 25 ಹೇಗೆ ಬಲ ಮತ್ತು ಮೇಲನ್ನು ಒಂದೇ ಹಾಳೆ ಮಾಡಿತೋ, ಹಾಗೆಯೇ ಈ ಬದಲಾಗದ ಅಂಕಿ ದೇಶ ಮತ್ತು ಕಾಲವನ್ನು ಒಂದೇ ಜ್ಯಾಮಿತಿ ಮಾಡುತ್ತದೆ. ವೇಗವಾಗಿ ಹೋಗುವುದು ಅಂದರೆ ಇಲ್ಲಿ ಅಳೆಯುವ ಗೆರೆಗಳನ್ನು ಓರೆ ಮಾಡುವುದು, ಅಷ್ಟೇ. ಆದರೆ ಹಾಳೆಯಲ್ಲಿ ಒಂದು ಅಂಕಿ ಹೆಚ್ಚಿದರೆ ಇನ್ನೊಂದು ಇಳಿಯಬೇಕು. ಇಲ್ಲಿ ಎರಡೂ ಒಟ್ಟಿಗೆ ಏರಿದವು, ನೋಡಿ. 21 ಏರಿ 26.25 ಆಯಿತು, 0 ಏರಿ 15.75 ಆಯಿತು. ಮೈನಸ್ ಇಲ್ಲದೆ ಹೀಗಾಗದು.

‘ಹಾಗಾದರೆ ನಿಜವಾಗಿ ಒಟ್ಟಿಗೆ ಹಾರಿತಾ, ಇಲ್ಲವಾ?’ ಅಂತ ನೀವು ಕೇಳುತ್ತೀರಿ. ಆ ಪ್ರಶ್ನೆಗೆ ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರ ಇಲ್ಲ. ಹಾಳೆಯ ಎರಡು ಚುಕ್ಕೆ ಒಂದೇ ಎತ್ತರದಲ್ಲಿವೆಯಾ ಅಂತ ಕೇಳಿದರೆ ‘ಹಾಳೆ ಹೇಗೆ ಹಿಡಿದಿದ್ದೀರಿ ಹೇಳಿ’ ಅನ್ನಬೇಕಾಗುತ್ತದಲ್ವಾ? ನೌಕೆಯ ಬದಲು ಗಂಟೆಗೆ 60 ಕಿ.ಮೀ. ವೇಗದ ಜೀಪು ತೆಗೆದುಕೊಂಡರೂ ವ್ಯತ್ಯಾಸ ಇದ್ದೇ ಇದೆ. ಎಷ್ಟು? ಸೆಕೆಂಡಿನ ಒಂದು ಲಕ್ಷ ಕೋಟಿಯಲ್ಲಿ 4 ಪಾಲು. ಅಷ್ಟರಲ್ಲಿ ಬೆಳಕು ಕೂಡ ಒಂದು ಮಿಲಿಮೀಟರಿಗಿಂತ ಚೂರು ಜಾಸ್ತಿ ಹೋಗುತ್ತದೆ. ನ್ಯೂಟನ್ನರಿಗೆ ಇದು ಕಾಣಲಿಲ್ಲ ಅಂದರೆ ಅವರ ತಪ್ಪಲ್ಲ.

ಈ ಜ್ಯಾಮಿತಿಯನ್ನು ಜ್ಯಾಮಿತಿ ಅಂತ ಮೊದಲು ಬಿಡಿಸಿ ಹೇಳಿದವರು ಐನ್‌ಸ್ಟೈನ್ ಅಲ್ಲ, ಹರ್ಮನ್ ಮಿಂಕೋವ್‌ಸ್ಕಿ. ಜ್ಯೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಪಾಠ ಮಾಡಿದ್ದ ಮೇಷ್ಟ್ರು. 1908ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಅವರು ಮಾಡಿದ ಭಾಷಣದಿಂದ ಈ ವಿಚಾರ ಹರಡಿತು. ಐನ್‌ಸ್ಟೈನ್‌ಗೆ ಮೊದಮೊದಲು ಇದು ಬೇಡದ ಗಣಿತದ ಆಡಂಬರ ಅನ್ನಿಸಿತ್ತು. ಆಮೇಲೆ ಗುರುತ್ವದ ಹಿಂದೆ ಬಿದ್ದಾಗ ಇದೇ ಜ್ಯಾಮಿತಿ ಇಲ್ಲದೆ ಒಂದು ಹೆಜ್ಜೆ ಮುಂದಿಡಲು ಆಗಲಿಲ್ಲ. ಅದನ್ನು ನೋಡಲು ಮಿಂಕೋವ್‌ಸ್ಕಿ ಇರಲಿಲ್ಲ. 1909ರ ಜನವರಿಯಲ್ಲೇ, 44ನೇ ವಯಸ್ಸಿಗೆ, ಅಪೆಂಡಿಸೈಟಿಸ್‌ನಿಂದ ತೀರಿಕೊಂಡಿದ್ದರು.

ಹಳೆಯ ಕೆಲವು ಪಠ್ಯಪುಸ್ತಕಗಳಲ್ಲಿ ಕಾಲವನ್ನು ಮೈನಸ್ ಒಂದರ ವರ್ಗಮೂಲದಿಂದ ಗುಣಿಸಿ ಬರೆಯುತ್ತಾರೆ. ಆಗ ಮೈನಸ್ ಕಣ್ಣಿಗೆ ಬೀಳದೆ ಪೈಥಾಗೊರಸ್ ತರಹವೇ ಕಾಣುತ್ತದೆ. ಮಗಳಿಗೆ ಅದು ಸಿಕ್ಕಿದರೆ ಪುಟ ತಿರುಗಿಸಲಿ. ಯಾವುದನ್ನು ಎದ್ದು ಕಾಣುವಂತೆ ತೋರಿಸಬೇಕೋ ಅದನ್ನೇ ಅಡಗಿಸುವ ಉಪಾಯ ಅದು.

ಆ ಮೈನಸ್ ಇರುವುದರಿಂದ ಕಾಲವು ದೇಶದ ಹಾಗೆ ಇನ್ನೊಂದು ದಿಕ್ಕು ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ. ಕಕ್ಕಬ್ಬೆಯಲ್ಲಿ ಗುಂಡು ಹಾರಿತು, ಸದ್ದು ಕೇಳಿ ಪಕ್ಕದ ಮನೆಯ ನಾಯಿ ಬೊಗಳಿತು. ಇವೆರಡರ ನಡುವೆ ದೂರ ನೂರು ಮೀಟರ್ ಇರಬಹುದು. ಕಾಲ ಸುಮಾರು 0.3 ಸೆಕೆಂಡು, ಕಿಲೋಮೀಟರಿಗೆ ತಂದರೆ 90 ಸಾವಿರ ಕಿ.ಮೀ. ಇಲ್ಲಿ ಕಾಲದ ಪಾಲು ದೂರದ ಪಾಲಿಗಿಂತ ತುಂಬ ದೊಡ್ಡದು. ಹೀಗಿದ್ದಾಗ ಯಾವ ನೌಕೆಯಿಂದ ನೋಡಿದರೂ ಗುಂಡು ಮೊದಲು, ಬೊಗಳಿದ್ದು ಆಮೇಲೆ. ಅಳೆಯುವ ಗೆರೆಗಳನ್ನು ಎಷ್ಟು ಓರೆ ಮಾಡಿದರೂ ಬೆಳಕಿನ ಗೆರೆ ದಾಟಿ ಓರೆ ಮಾಡಲು ಆಗದು. ಕ್ರಮ ತಿರುಗಿಸಲು ಆಗುವುದು ಕಕ್ಕಬ್ಬೆ–ಮಡಿಕೇರಿ ಗುಂಡುಗಳಂಥ ಜೋಡಿಗೆ ಮಾತ್ರ. ಅಲ್ಲಿ ಒಂದರಿಂದ ಇನ್ನೊಂದಕ್ಕೆ ಬೆಳಕಿನ ಸುದ್ದಿಯೂ ತಲುಪುವಷ್ಟು ಹೊತ್ತಿಲ್ಲ, ಹಾಗಾಗಿ ಒಂದು ಇನ್ನೊಂದಕ್ಕೆ ಕಾರಣ ಆಗಲಾರದು. ಕ್ರಮ ತಿರುಗಿದರೆ ಯಾರಿಗೂ ನಷ್ಟ ಇಲ್ಲ. ಕಾರಣ ಮೊದಲು, ಪರಿಣಾಮ ಆಮೇಲೆ ಅನ್ನುವುದನ್ನು ಕಾಯುತ್ತಿರುವುದೂ ಆ ಮೈನಸ್ ಚಿಹ್ನೆಯೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಇದು ನಿಜವೋ ಲೆಕ್ಕದ ಅನುಕೂಲವೋ. ಇದಕ್ಕೆ ಗಡಿಯಾರ ಏನು ಅಳೆಯುತ್ತದೆ ಅಂತ ನೋಡಬೇಕು.

ಮಡಿಕೇರಿಯಿಂದ ವಿರಾಜಪೇಟೆಗೆ ಇಬ್ಬರು ಹೊರಟರು ಅನ್ನಿ. ಒಬ್ಬರು ಮೂರ್ನಾಡು ಮೇಲೆ ಹೋದರು, ಇನ್ನೊಬ್ಬರು ಸಿದ್ದಾಪುರ ಸುತ್ತಿಕೊಂಡು ಬಂದರು. ಹೊರಟ ಜಾಗ ಒಂದೇ, ಸೇರಿದ ಜಾಗ ಒಂದೇ. ಗಾಡಿಯ ಮೀಟರ್ ಮಾತ್ರ ಬೇರೆ ಬೇರೆ ತೋರಿಸುತ್ತದೆ. ಯಾರಾದರೂ ಆಶ್ಚರ್ಯ ಪಡುತ್ತಾರಾ? ಮೀಟರ್ ಕೆಟ್ಟಿದೆ ಅನ್ನುತ್ತಾರಾ? ಇಲ್ಲ. ದಾರಿ ಬೇರೆ, ಉದ್ದ ಬೇರೆ. ಕೈಗಡಿಯಾರ ದೇಶಕಾಲದಲ್ಲಿ ಇಂಥದ್ದೇ ಒಂದು ಮೀಟರ್. ಅದು ಜಗತ್ತಿಗೆಲ್ಲ ಸೇರಿದ ಒಂದು ಕಾಲವನ್ನು ಹೇಳುತ್ತಿಲ್ಲ. ತಾನು ಬಂದ ದಾರಿಯ ಉದ್ದ ಹೇಳುತ್ತಿದೆ.

ಐನ್‌ಮನೆಯ (ಕೊಡವರ ಕುಟುಂಬದ ಮೂಲಮನೆಯ) ಇಬ್ಬರು ಅಕ್ಕತಂಗಿಯರನ್ನು ತೆಗೆದುಕೊಳ್ಳಿ. ಅಕ್ಕ ಮನೆಯಲ್ಲೇ ಉಳಿದಳು. ತಂಗಿ ಬೆಳಕಿನ ಶೇಕಡಾ 60 ವೇಗದಲ್ಲಿ ಹೊರಟು, ಅಕ್ಕನ ಲೆಕ್ಕದಲ್ಲಿ 5 ವರ್ಷ ಹೋಗಿ, ಅದೇ ವೇಗದಲ್ಲಿ 5 ವರ್ಷಕ್ಕೆ ತಿರುಗಿ ಬಂದಳು. ಅಕ್ಕ 10 ಹುತ್ತರಿ ಉಂಡಿದ್ದಾಳೆ. ತಂಗಿಯ ದಾರಿಯ ಉದ್ದ ಎಷ್ಟು? ಹೋಗುವಾಗ ಕಾಲ 5 ವರ್ಷ, ದೂರ 3 ಜ್ಯೋತಿರ್ವರ್ಷ (ಬೆಳಕು 3 ವರ್ಷದಲ್ಲಿ ಹೋಗುವಷ್ಟು). ಈಗ ಕಾಲದ್ದು ದೊಡ್ಡದು, ಹಾಗಾಗಿ ಅದರಿಂದ ದೂರದ್ದನ್ನು ಕಳೆಯಬೇಕು. 25ರಲ್ಲಿ 9 ಹೋದರೆ 16, ವರ್ಗಮೂಲ 4. ಬರುವಾಗಲೂ 4. ಒಟ್ಟು 8 ವರ್ಷ. ತಂಗಿಯ ಗಡಿಯಾರ, ಅವಳ ತಲೆಗೂದಲು, ಅವಳ ಹೊಟ್ಟೆಯ ಹಸಿವು ಎಲ್ಲವೂ 8 ವರ್ಷವನ್ನೇ ಎಣಿಸಿವೆ.

ಮೈನಸ್ ಮತ್ತೆ ಆಟ ತೋರಿಸಿತು ನೋಡಿ. ನೆಲದ ಮೇಲೆ ನೇರ ದಾರಿಯೇ ಎಲ್ಲಕ್ಕಿಂತ ಚಿಕ್ಕದು, ಸುತ್ತಿದರೆ ಜಾಸ್ತಿ. ದೇಶಕಾಲದಲ್ಲಿ ತಿರುಗಾಮುರುಗಾ. ನೇರ ದಾರಿಯೇ ಎಲ್ಲಕ್ಕಿಂತ ಉದ್ದ, ಸುತ್ತಿದರೆ ಕಡಿಮೆ. ಅಕ್ಕ ನೇರ ಬಂದಳು, 10. ತಂಗಿ ಸುತ್ತಿ ಬಂದಳು, 8. ‘ತಂಗಿ ತಿರುಗುವಾಗ ಎಳೆತ ಬಿತ್ತು, ಅದರಿಂದ ಗಡಿಯಾರ ನಿಧಾನವಾಯಿತು’ ಅಂತ ಕೆಲವರು ವಿವರಿಸುತ್ತಾರೆ. ನನಗೆ ಆ ವಿವರಣೆ ಒಪ್ಪಿಗೆ ಇಲ್ಲ. ಸಿದ್ದಾಪುರದ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ್ದರಿಂದ ಕಿಲೋಮೀಟರ್ ಜಾಸ್ತಿ ಆಯಿತಾ? ತಿರುವು ಇಲ್ಲದಿದ್ದರೆ ಸುತ್ತುದಾರಿ ಆಗುತ್ತಿರಲಿಲ್ಲ, ಅದು ನಿಜ. ಆದರೆ ಜಾಸ್ತಿಯಾದದ್ದು ಇಡೀ ದಾರಿಯ ಆಕಾರದಿಂದ.

ಇದನ್ನು ಅಳೆದು ನೋಡಿದ್ದಾರೆ. 1971ರ ಅಕ್ಟೋಬರ್‌ನಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳು ಸೀಸಿಯಂ ಪರಮಾಣು ಗಡಿಯಾರಗಳನ್ನು ಸಾಮಾನ್ಯ ಪ್ರಯಾಣಿಕ ವಿಮಾನಗಳಲ್ಲಿ ಕೂರಿಸಿಕೊಂಡು ಭೂಮಿ ಸುತ್ತಿದರು. ಪೂರ್ವಕ್ಕೆ ಹೋದ ಗಡಿಯಾರಗಳು ನೆಲದ ಗಡಿಯಾರಕ್ಕಿಂತ 59 ನ್ಯಾನೊಸೆಕೆಂಡು ಹಿಂದೆ ಬಿದ್ದವು. ಪಶ್ಚಿಮಕ್ಕೆ ಹೋದವು 273 ನ್ಯಾನೊಸೆಕೆಂಡು ಮುಂದೆ ಹೋದವು. (ನ್ಯಾನೊಸೆಕೆಂಡು ಅಂದರೆ ಸೆಕೆಂಡಿನ 100 ಕೋಟಿಯಲ್ಲಿ ಒಂದು ಪಾಲು.) ಇದರಲ್ಲಿ ಎತ್ತರದ ಪಾಲೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೂ ಚೆನ್ನಾದ ಸಾಕ್ಷಿ ನಿಮ್ಮ ತೋಟದ ಮೇಲೆಯೇ ಸುರಿಯುತ್ತಿದೆ. ಹೊರ ಬಾಹ್ಯಾಕಾಶದಿಂದ ಬರುವ ಕಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ, ಸುಮಾರು 15 ಕಿ.ಮೀ. ಎತ್ತರದಲ್ಲಿ, ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡು. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ 660 ಮೀಟರ್ ಹೋಗಬಹುದು. ನೆಲ ಮುಟ್ಟಲು 50 ಮೈಕ್ರೊಸೆಕೆಂಡು ಬೇಕು. ಹಳೆಯ ಲೆಕ್ಕದಲ್ಲಿ 100 ಕೋಟಿ ಹೊರಟರೆ ಒಂದೂ ಬದುಕಿ ತಲುಪಬಾರದು. ಆದರೆ ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬೀಳುತ್ತದೆ. ಈ ಸಾಲು ಓದಿ ಮುಗಿಸುವಷ್ಟರಲ್ಲಿ ನಿಮ್ಮ ಅಂಗೈಯಲ್ಲಿ ಒಂದಷ್ಟು ಹಾದುಹೋಗಿವೆ.

ಜ್ಯಾಮಿತಿ ಹಿಡಿದು ನೋಡಿದರೆ ಒಗಟು ಬಿಚ್ಚುತ್ತದೆ. ಬೆಳಕಿನ ಶೇಕಡಾ 99.875 ವೇಗದ ಮ್ಯೂಆನ್ ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಕಾಲವೂ ಸುಮಾರು 15 ಕಿ.ಮೀ., ದೂರವೂ 15 ಕಿ.ಮೀ. ಒಂದರ ವರ್ಗದಲ್ಲಿ ಇನ್ನೊಂದರದ್ದು ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ಅದರ ಸ್ವಂತ ದಾರಿಯ ಉದ್ದ ಬರೀ 2.5 ಮೈಕ್ರೊಸೆಕೆಂಡು. ದಾರಿಯಲ್ಲಿ ಗಾಳಿಗೆ ಕಳೆದುಕೊಳ್ಳುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮೂರರಲ್ಲಿ ಒಂದು ನೆಲ ತಲುಪಬೇಕು. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಎಂಬ ಪ್ರಯೋಗಶಾಲೆ ಇದೆ. 560 ಚದರ ಮೀಟರ್ ವಿಸ್ತಾರದ ಮ್ಯೂಆನ್ ದೂರದರ್ಶಕ ಅಲ್ಲಿದೆ, ಹಗಲು ರಾತ್ರಿ ಇವನ್ನು ಎಣಿಸುತ್ತದೆ. ದೇಶಕಾಲ ಬರೀ ಕಾಗದದ ಅನುಕೂಲ ಆಗಿದ್ದರೆ ಆ ಯಂತ್ರಕ್ಕೆ ಎಣಿಸಲು ಹೆಚ್ಚೇನೂ ಇರುತ್ತಿರಲಿಲ್ಲ. ಇದಕ್ಕಿಂತ ಬೇರೆ ಅರ್ಥದಲ್ಲಿ ‘ನಿಜ’ ಅಂದರೆ ಏನು ಅಂತ ತತ್ತ್ವಶಾಸ್ತ್ರದವರನ್ನು ಕೇಳಬೇಕು, ನನಗೆ ಇಷ್ಟು ಸಾಕು.

ಕೊನೆಗೆ ರಬ್ಬರ್ ಹಾಳೆ. ನನಗೆ ಆ ವಿಡಿಯೊಗಳನ್ನು ಕಂಡರೆ ಆಗುವುದಿಲ್ಲ. ಗುಂಡು ಇಟ್ಟರೆ ಹಾಳೆ ಯಾಕೆ ಕುಗ್ಗುತ್ತದೆ? ಕೆಳಗಿನಿಂದ ಭೂಮಿ ಎಳೆಯುತ್ತದೆ ಅಂತ. ಅಂದರೆ ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದ ಹಾಗಾಯಿತು. ಅದೂ ಹೋಗಲಿ, ನೀವು ಕೇಳಿದ್ದು ಸರಿ, ಅದರಲ್ಲಿ ಕಾಲವೇ ಇಲ್ಲ. ಮರದಿಂದ ಕಿತ್ತಳೆ ಬೀಳುವುದಕ್ಕೆ ಮುಖ್ಯ ಕಾರಣ ಕಾಲದ ಬಾಗು, ಬರೀ ಜಾಗದ ಬಾಗಲ್ಲ.

1915ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದು: ಮಿಂಕೋವ್‌ಸ್ಕಿಯ ಜ್ಯಾಮಿತಿ ಎಲ್ಲ ಕಡೆ ಸಪಾಟಾಗಿಲ್ಲ. ದ್ರವ್ಯ ಇರುವ ಕಡೆ ಅಳತೆಯ ನಿಯಮವೇ ಜಾಗದಿಂದ ಜಾಗಕ್ಕೆ ಸ್ವಲ್ಪ ಬದಲಾಗುತ್ತದೆ. ನಮ್ಮ ಭೂಮಿಯ ಹತ್ತಿರ ಇದು ಎದ್ದು ಕಾಣುವುದು ಗಡಿಯಾರಗಳಲ್ಲಿ. ಎತ್ತರದ ಗಡಿಯಾರ ಚೂರು ಬೇಗ ಓಡುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಮಂಗಳೂರಿನ ಕಡಲ ದಡದ ಗಡಿಯಾರಕ್ಕಿಂತ ಮಡಿಕೇರಿಯದ್ದು ದಿನಕ್ಕೆ ಸುಮಾರು 11 ನ್ಯಾನೊಸೆಕೆಂಡು ಮುಂದೆ ಹೋಗುತ್ತದೆ. 1,748 ಮೀಟರಿನ ತಡಿಯಂಡಮೋಳ್ ತುದಿಯಲ್ಲಿ 16 ಚಿಲ್ಲರೆ. ಇದು ಬರೀ ಲೆಕ್ಕ ಅಂದುಕೊಳ್ಳಬೇಡಿ. 2010ರಲ್ಲಿ ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಒಂದು ಗಡಿಯಾರವನ್ನು ಇನ್ನೊಂದಕ್ಕಿಂತ 33 ಸೆಂ.ಮೀ. ಎತ್ತರಿಸಿ ವ್ಯತ್ಯಾಸ ಅಳೆದಿದ್ದಾರೆ. ಮಾಂದಲಪಟ್ಟಿಗೆ ಜೀಪು ಓಡಿಸುವವರ ಫೋನಿನ ಜಿಪಿಎಸ್ ಕೂಡ ಇದರ ಮೇಲೆಯೇ ನಿಂತಿದೆ. ಆ ಉಪಗ್ರಹಗಳ ಗಡಿಯಾರ ಎತ್ತರದಿಂದ ದಿನಕ್ಕೆ 45 ಮೈಕ್ರೊಸೆಕೆಂಡು ಮುಂದೆ, ವೇಗದಿಂದ 7 ಹಿಂದೆ, ಒಟ್ಟು 38 ಮುಂದೆ ಓಡುತ್ತದೆ. ಅದನ್ನು ಸರಿಪಡಿಸಿಕೊಂಡೇ ಇಟ್ಟಿದ್ದಾರೆ.

ಈಗ ಕಿತ್ತಳೆ. ಮಗಳು ಒಂದನ್ನು ಮೇಲಕ್ಕೆ ಎಸೆಯಲಿ, 2 ಸೆಕೆಂಡಿಗೆ ಕೈಗೆ ವಾಪಸ್ ಬರುವ ಹಾಗೆ. ಅದು ಸುಮಾರು 5 ಮೀಟರ್ ಮೇಲೇರುತ್ತದೆ. ಯಾಕೆ ಅಷ್ಟೇ ಏರುತ್ತದೆ? ನೇರ ದಾರಿ ಅಂದರೆ ಸ್ವಂತ ಗಡಿಯಾರ ಎಲ್ಲಕ್ಕಿಂತ ಜಾಸ್ತಿ ತೋರಿಸುವ ದಾರಿ ಅಂದೆನಲ್ಲ. ಕಿತ್ತಳೆಗೆ ಒಂದು ಪುಟ್ಟ ಗಡಿಯಾರ ಕಟ್ಟಿದ್ದೀರಿ ಅನ್ನಿ. ಮೇಲೆ ಹೋದಷ್ಟೂ ಗಡಿಯಾರ ಬೇಗ ಓಡುತ್ತದೆ, ಹಾಗಾಗಿ ಮೇಲೆ ಹೋದರೆ ಲಾಭ. ಆದರೆ 2 ಸೆಕೆಂಡಿನಲ್ಲಿ ತುಂಬ ಮೇಲೆ ಹೋಗಿ ಬರಬೇಕಾದರೆ ಜೋರಾಗಿ ಹೋಗಬೇಕು, ಜೋರಾಗಿ ಹೋದರೆ ಗಡಿಯಾರ ಹಿಂದೆ ಬೀಳುತ್ತದೆ. ಲಾಭ ನಷ್ಟ ಎರಡನ್ನೂ ತೂಗಿದರೆ ಎಲ್ಲಕ್ಕಿಂತ ಹೆಚ್ಚು ಉಳಿಯುವ ದಾರಿ ಯಾವುದು ಅಂತ ಲೆಕ್ಕ ಹಾಕಿ. ಸರಿಯಾಗಿ ಅದೇ ದಾರಿ ಬರುತ್ತದೆ, 4.9 ಮೀಟರ್ ಏರಿ ಇಳಿಯುವ ದಾರಿ. ಕಿತ್ತಳೆಯನ್ನು ಯಾರೂ ಎಳೆಯುತ್ತಿಲ್ಲ. ಅದು ತನ್ನ ಮಟ್ಟಿಗೆ ನೇರ ಹೋಗುತ್ತಿದೆ.

‘ನೇರ ಅಂದರೆ ಹೇಗೆ, ಕಣ್ಣಿಗೇ ಬಾಗಿದ್ದು ಕಾಣುತ್ತದಲ್ಲ’ ಅಂತ ಮಗಳು ವಾದಿಸುತ್ತಾಳೆ. ವಾದಿಸಬೇಕು. ನಮ್ಮ ಕಣ್ಣಿಗೆ ಕಾಣುವುದು ಜಾಗದ ಮೂರು ಅಂಕಿ ಮಾತ್ರ. ಕಾಲದ ಅಂಕಿ ಸೇರಿಸಿ ಚಿತ್ರ ಬರೆದರೆ? 2 ಸೆಕೆಂಡು ಅಂದರೆ 6 ಲಕ್ಷ ಕಿ.ಮೀ. ಅಷ್ಟು ಉದ್ದದ ಗೆರೆ, ನಡುವೆ ಬರೀ 5 ಮೀಟರ್ ಉಬ್ಬಿದೆ. ಇದಕ್ಕಿಂತ ನೇರ ಗೆರೆ ಯಾವ ಬಡಗಿಯೂ ಎಳೆಯಲಾರ. ಈಗ ಕೋವಿಯ ಗುಂಡು ತೆಗೆದುಕೊಳ್ಳಿ, ಗಾಳಿಯ ತಡೆ ಬಿಟ್ಟುಬಿಡಿ. 2 ಸೆಕೆಂಡು ಹಾರಿ ಅದೇ ಮಟ್ಟದಲ್ಲಿ ಬೀಳುವ ಗುಂಡು ಜಾಗದಲ್ಲಿ ತುಂಬ ಉದ್ದ, ತೆಳು ಕಮಾನು. ಕಿತ್ತಳೆಯದ್ದು ಗಿಡ್ಡ, ಕಡಿದಾದ ಕಮಾನು. ಕಣ್ಣಿಗೆ ಎರಡಕ್ಕೂ ಸಂಬಂಧವೇ ಇಲ್ಲ. ಆದರೆ ಗುಂಡೂ ನಡುವೆ ಏರುವುದು ಅದೇ 4.9 ಮೀಟರ್. ದೇಶಕಾಲದಲ್ಲಿ ಎರಡರ ಬಾಗೂ ಒಂದೇ. ಜಾಗ ಮಾತ್ರ ಬಾಗಿದ್ದು ಅಂತ ಹೇಳುವ ರಬ್ಬರ್ ಹಾಳೆ ಇದನ್ನು ಎಂದಿಗೂ ತೋರಿಸಲಾರದು. ಕಾಲ ಸೇರಿಸಿದ ಕೂಡಲೇ ಎಸೆದ ವಸ್ತು ಯಾವುದು, ಎಷ್ಟು ಜೋರು ಅನ್ನುವುದೆಲ್ಲ ಮಾಯ.

ಒಂದು ಎಚ್ಚರಿಕೆ. ಈ ಬಾಗು ನೆಲದ ಮೇಲೆ ನಿಂತ ನಮಗೆ ಕಾಣುವುದು. ನಾವೂ ಕಿತ್ತಳೆಯ ಜೊತೆಗೇ ಬಿದ್ದರೆ ಅದು ಇರುವುದಿಲ್ಲ. ದೇಶಕಾಲವೇ ಬಾಗಿದೆ ಅನ್ನಲು ಎರಡು ಕಿತ್ತಳೆ ಬೇಕು. ಮಡಿಕೇರಿಯಲ್ಲಿ ಒಂದು, ಕುಶಾಲನಗರದಲ್ಲಿ ಒಂದು ಬೀಳಿಸಿ. ಎರಡೂ ಭೂಮಿಯ ನಡುವಿನ ಕಡೆಗೇ ಬೀಳುವುದರಿಂದ ಅವುಗಳ ದಾರಿಗಳ ನಡುವೆ ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಓರೆ ಇರುತ್ತದೆ. ಬಿಡುವಾಗ ಎರಡೂ ಸುಮ್ಮನಿದ್ದವು, ಅಂದರೆ ದೇಶಕಾಲದಲ್ಲಿ ಅವುಗಳ ಗೆರೆಗಳು ಸಮಾನಾಂತರವಾಗಿ ಹೊರಟವು. ಎರಡೂ ನೇರ ಹೋಗುತ್ತಿವೆ, ಆದರೂ ಹತ್ತಿರ ಬರುತ್ತಿವೆ. ಸಪಾಟು ಜ್ಯಾಮಿತಿಯಲ್ಲಿ ಹೀಗಾಗದು. ಯಾರ ಜೊತೆ ಬಿದ್ದರೂ ಈ ಓರೆಯನ್ನು ಅಳಿಸಲು ಆಗದು.

ಮಗಳಿಗೆ ಒಂದು ಲೆಕ್ಕ ಬಿಡುತ್ತೇನೆ. ಎಸೆದ ವಸ್ತುವಿನ ದೇಶಕಾಲದ ಗೆರೆಯನ್ನು ಒಂದು ದೊಡ್ಡ ವೃತ್ತದ ತುಣುಕು ಅಂದುಕೊಂಡರೆ ಆ ವೃತ್ತದ ತ್ರಿಜ್ಯ ಎಷ್ಟು? ಬೆಳಕಿನ ವೇಗದ ವರ್ಗವನ್ನು ಗುರುತ್ವದ ವೇಗೋತ್ಕರ್ಷದಿಂದ, ಅಂದರೆ 9.8ರಿಂದ, ಭಾಗಿಸಿದರೆ ಸಾಕು. ಸುಮಾರು 9.2 ಲಕ್ಷ ಕೋಟಿ ಕಿ.ಮೀ. ಬರುತ್ತದೆ, ಹೆಚ್ಚು ಕಡಿಮೆ ಒಂದು ಜ್ಯೋತಿರ್ವರ್ಷ. ಆಮೇಲೆ ಚಂದ್ರನ ಮೇಲಿನ 1.62 ಹಾಕಿ ಮಾಡಲಿ. ಆರು ಜ್ಯೋತಿರ್ವರ್ಷಕ್ಕೆ ಸ್ವಲ್ಪ ಕಡಿಮೆ ಬಂದರೆ ಸರಿ.